ಹವಳಕ್ಕೆ ಬೆಳಕು ಹಿಡಿದದ್ದು

ಬೆಳಕಿನ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಅಫಜಲಪುರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ. ಪ್ರತಿಫಲನ, ವಕ್ರೀಭವನ, ಕಾಮನಬಿಲ್ಲಿನ ಬಣ್ಣಗಳು ಇವನ್ನೆಲ್ಲ ತಾಲೂಕಿನ ಅರ್ಧ ಜನಕ್ಕೆ ಕಲಿಸಿದವನು ನಾನೇ. ಉಳಿದರ್ಧ ಜನಕ್ಕೆ ಬರುವುದಿಲ್ಲವೆಂದರೆ ಅವರು ಆ ದಿನ ಶಾಲೆಗೆ ಬಂದಿರಲಿಲ್ಲ, ಅಷ್ಟೇ. ಆದ್ದರಿಂದ ನನ್ನ ಹೆಂಡತಿಯ ತಮ್ಮ ಚನ್ನವೀರ ತನ್ನ ಹವಳಗಳನ್ನು ನಮ್ಮ ಮನೆಯಲ್ಲಿ ಇಳಿಸಿ, "ಮಾಮಾ, ಉಳದದ್ದೆಲ್ಲಾ ಹೆಂಗೋ ನಡೀತದ. ಬೆಳಕಿನ ಕಡೆ ಮಾತ್ರ ಭಾಳ ಜ್ವಾಕಿ" ಎಂದಾಗ ನಾನು ನಕ್ಕುಬಿಟ್ಟೆ. ಮೀನಿಗೆ ಈಜು ಕಲಿಸಲು ಬಂದನಲ್ಲ!

ಚನ್ನವೀರ ಹಡಗಿನಲ್ಲಿ ಇಂಜಿನಿಯರ್. ವರ್ಷದ ಬಹುಭಾಗ ನೀರಿನ ಮೇಲಿರುವ ಮನುಷ್ಯ ರಜೆಗೆ ಬಂದಾಗ ನಾಲ್ಕು ದಿನ ಮಣ್ಣು ನೋಡಬೇಕು, ಗಿಡ ನೋಡಬೇಕು. ಇವನು ಮುಂಬಯಿಯ ಬಾಡಿಗೆ ಕೋಣೆಯೊಳಗೂ ಒಂದು ಗಾಜಿನ ತೊಟ್ಟಿಯಲ್ಲಿ ಸಮುದ್ರವನ್ನೇ ತುಂಬಿಟ್ಟುಕೊಂಡಿದ್ದ. ಅದರೊಳಗೆ ಮೂರು ಜೀವಂತ ಹವಳ. ಅವನಿಲ್ಲದಾಗ ಪಕ್ಕದ ಕೋಣೆಯ ವೃದ್ಧರೊಬ್ಬರು ಅವನ್ನು ನೋಡಿಕೊಳ್ಳುತ್ತಿದ್ದರು. ಆ ವೃದ್ಧರು ಮಗಳ ಊರಿಗೆ ಹೋಗಿಬಿಟ್ಟರು. ಇತ್ತ ಇವನಿಗೆ ಹಡಗು ಹತ್ತಲು ಕರೆ ಬಂತು. ಮದುವೆಯಾಗದವನು, ಇನ್ನಾರಿಗೆ ಕೊಟ್ಟಾನು? ಒಂದು ಟೆಂಪೋ ಗೊತ್ತುಮಾಡಿ, ತೊಟ್ಟಿಗೆ ಹಾಸಿಗೆ ಸುತ್ತಿ, ಸಮುದ್ರದ ನೀರನ್ನು ಡ್ರಮ್ಮಿಗೆ ಹಾಕಿ, ಸೊಲ್ಲಾಪುರದ ಮೇಲೆ ಹಾದು ನೆಟ್ಟಗೆ ಅಕ್ಕನ ಮನೆಗೆ ತಂದ.

ನಮ್ಮ ಪಡಸಾಲೆಯಲ್ಲಿ ತೊಟ್ಟಿ ಕೂತಾಗ ಓಣಿಗೆ ಓಣಿಯೇ ನೋಡಲು ಬಂತು. ಎಲ್ಲರಿಗಿಂತ ಮುಂದೆ ಎದುರುಮನೆಯ ಗುರುಬಾಯಿ. ಆಕೆ ಗಾಜಿಗೆ ಮೂಗು ಹಚ್ಚಿ ಮೂಲೆಮೂಲೆ ಹುಡುಕಿದಳು.

"ಮೀನ ಎಲ್ಲ್ಯವರಿ ಮಾಸ್ತರ?"

"ಮೀನಿಲ್ಲ ಯಕ್ಕಾ. ಇವು ಹವಳ. ಜೀವ ಇರೋ ಹವಳ."

"ಎವ್ವಾ! ಹಂಗಾರ ಮೀನೆಲ್ಲಾ ಇವೇ ತಿಂದ್ಬಿಟ್ಟಾವೇನ್ರಿ?"

ಹವಳವೂ ಒಂದು ಪ್ರಾಣಿ, ಅದು ಸಮುದ್ರದ ತಳದಲ್ಲಿ ಕಲ್ಲಿನ ಗೂಡು ಕಟ್ಟಿಕೊಂಡು ಬೆಳಕು ಕುಡಿದು ಬದುಕುತ್ತದೆ ಎಂದು ನಾನು ವಿವರವಾಗಿ ತಿಳಿಸಿದೆ. ಗುರುಬಾಯಿ ಗಂಭೀರವಾಗಿ ಕೇಳಿಸಿಕೊಂಡಳು. ಕೊನೆಗೆ ನನ್ನ ಕಿವಿಯ ಹತ್ತಿರ ಬಂದು, "ನಮ್ಮ ಹುಡುಗಗ ಮಂಗಳದೋಷ ಅದರಿ. ಹವಳದ ಉಂಗುರ ಹಾಕ್ರಿ ಅಂದಾರ. ಸಣ್ಣದೊಂದು ತುಣುಕ ಮುರದ ಕೊಡ್ತೀರೇನು?" ಎಂದಳು.

ನನ್ನ ಹೆಂಡತಿ ಮಹಾನಂದಾ ಸಮುದ್ರ ನೋಡಿದವಳಲ್ಲ. ಅವಳು ಕಂಡ ದೊಡ್ಡ ನೀರೆಂದರೆ ಮಳೆಗಾಲದ ಭೀಮಾ ನದಿ. ಮೊದಲ ದಿನವೇ ಅವಳು ಆ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಕೂತುಬಿಟ್ಟಳು. ಒಂದು ಹವಳ ಜಿಂಕೆಯ ಕೊಂಬಿನಂತೆ ಕವಲು ಕವಲಾಗಿತ್ತು. ಇನ್ನೊಂದು ಬುಟ್ಟಿ ಮಗುಚಿದಂತೆ ಗುಂಡಗೆ. ಮೂರನೆಯದು ಮಾತ್ರ ವಿಚಿತ್ರ. ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ಮೈತುಂಬ ಎಳೆ ಹಸಿರಿನ ಬೆರಳುಗಳನ್ನು ಹೊರಚಾಚಿ, ಗಾಳಿಗೆ ತೂಗುವ ಎಳೆ ಜೋಳದಂತೆ ತೂಗುತ್ತಿತ್ತು. ಅದಕ್ಕೆ ಮಹಾನಂದಾ 'ಚೆಲುವಿ' ಎಂದು ಹೆಸರಿಟ್ಟಳು. ನನಗೆ ಮದುವೆಯಾದಾಗಿನಿಂದ ಆಕೆ ಯಾವ ಹೆಸರೂ ಇಟ್ಟಿಲ್ಲ!

ಹೊರಡುವ ಮುಂಚೆ ಚನ್ನವೀರ ನಮ್ಮಿಬ್ಬರನ್ನೂ ಕೂರಿಸಿ ತಿಳಿಸಿ ಹೇಳಿದ. ತೊಟ್ಟಿಯ ಮೇಲೆ ಎರಡು ಟ್ಯೂಬ್‌ಲೈಟು, ಒಂದು ಬಿಳಿ, ಒಂದು ನೀಲಿ.

"ಮುಂಜಾನಿ ಹಚ್ರಿ, ಸಂಜೀಕ ಆರಸ್ರಿ. ಎತ್ತರ ಬದಲಿ ಮಾಡಬ್ಯಾಡ್ರಿ. ಮಾಡೂದೇ ಬಂದ್ರ ಭಾಳ ಸಾವಕಾಶ ಮಾಡಬೇಕು, ಹೊಸಾ ಬೆಳಕಿಗೆ ಹೊಂದಕೊಳ್ಳಾಕ ಅವಕ್ಕ ವ್ಯಾಳ್ಯಾ ಬೇಕಾಗ್ತದ. ನೆಟ್ಟಗ ಬಿಸಲು ಬೀಳಬಾರ್ದು. ನೀಲಿ ಬೆಳಕು ಯಾಕ ಅಂದ್ರ..."

"ನೀರಿನ ಆಳಕ್ಕೆ ಇಳಿದಂತೆ ಕೆಂಪು ಮೊದಲು ಹೀರಿಹೋಗುತ್ತದೆ, ನೀಲಿ ಕೊನೆಗೆ ಉಳಿಯುತ್ತದೆ," ಎಂದು ನಾನೇ ವಾಕ್ಯ ಮುಗಿಸಿದೆ. "ಚನ್ನೂ, ನೀ ಹಡಗ ನೋಡ್ಕೋ. ಬೆಳಕ ನನಗ ಬಿಡು."

ಅವನು ಅಕ್ಕನ ಕಡೆ ತಿರುಗಿದ. "ಅಕ್ಕಾ, ಇವನ್ನ ಉಗುರಿನಷ್ಟ ತುಣುಕ ಇದ್ದಾಗಿಂದ ಬೆಳಸೇನಿ. ದಂಡಿಗೆ ಬಂದ್ರ ನನ್ನ ಹಾದಿ ಕಾಯವ್ರು ಅಂದ್ರ ಇವಷ್ಟ."

ಬೆಳಕನ್ನು ನನಗೆ ಬಿಟ್ಟು ಅವನು ಹೋದ. ಬೆಳಕು ನನಗೆ ಬಿಟ್ಟದ್ದೇ ತಡ, ಮೂರನೆಯ ದಿನ ಟ್ಯೂಬಿನ ಮೇಲೆ ಧೂಳು ಕಂಡಿತು. ಧೂಳು ಬೆಳಕಿನ ವೈರಿ. ಸ್ಟೂಲ್ ಹತ್ತಿ ಒರೆಸತೊಡಗಿದೆ. ಸ್ಟೂಲಿನ ಒಂದು ಕಾಲು ಕುಂಟು ಎಂಬ ಸಂಗತಿ ನಮ್ಮ ಮನೆಯಲ್ಲಿ ನನ್ನ ಹೊರತು ಎಲ್ಲರಿಗೂ ಗೊತ್ತಿತ್ತು. ಗುರುತ್ವಾಕರ್ಷಣೆ ಅಫಜಲಪುರದಲ್ಲೂ ಕೆಲಸ ಮಾಡುತ್ತದೆಂದು ಸಿದ್ಧವಾಯಿತು. ನಾನು ಉಳಿದೆ. ನೀಲಿ ಟ್ಯೂಬು ಉಳಿಯಲಿಲ್ಲ.

ಅಂಥ ಟ್ಯೂಬು ನಮ್ಮೂರಿನಲ್ಲಿ ಸಿಗಲಿಲ್ಲ. ಚನ್ನವೀರ ನಂಬರು ಕೊಟ್ಟುಹೋಗಿದ್ದ ಮುಂಬಯಿಯ ಅಂಗಡಿಗೆ ಫೋನ್ ಮಾಡಲು ನನ್ನ ಅಭಿಮಾನ ಒಪ್ಪಲಿಲ್ಲ. ಕಲಬುರ್ಗಿಯ ಅಂಗಡಿಯವನು, "ನೀಲಿ ಝೀರೋ ಬಲ್ಬ್ ಅದರಿ, ಜಗಲಿ ಮ್ಯಾಗ ದೇವರ ಮುಂದ ಹಚ್ತಾರಲ್ಲ, ಅದು ನಡೀತದೇನು?" ಎಂದ. ಬರಿಗೈಯಲ್ಲಿ ಹಿಂತಿರುಗುವಾಗ ನನಗೊಂದು ಉಪಾಯ ಹೊಳೆಯಿತು. ನಾಟಕದವರು ದೀಪಕ್ಕೆ ಬಣ್ಣದ ಹಾಳೆ ಕಟ್ಟುವುದಿಲ್ಲವೇ? ಇಂದ್ರಲೋಕಕ್ಕೆ ನೀಲಿ, ಯುದ್ಧಕ್ಕೆ ಕೆಂಪು! ನೀಲಿ ಹಾಳೆಯ ಸುರುಳಿಯನ್ನೇ ತಂದೆ. ಸಾದಾ ಟ್ಯೂಬೊಂದಕ್ಕೆ ಎರಡು ಸುತ್ತು ಸುತ್ತಿದೆ. ಸಾಲದೆನಿಸಿ ಮತ್ತೆರಡು ಸುತ್ತಿದೆ. ಬಿಸಿಲು ಬೀಳಬಾರದೆಂದು ಕಿಟಕಿ, ಬಾಗಿಲು ಎರಡನ್ನೂ ಮುಚ್ಚಿದೆ. ಸಂಜೆ ಬಿಳಿ ಟ್ಯೂಬು ಮೊದಲು ಆರಿಸಿದರೆ ಪಡಸಾಲೆ ಇಂದ್ರಲೋಕ!

ಓಣಿಯಲ್ಲಿ ಮಾತ್ರ ಬೇರೊಂದು ಸುದ್ದಿ ಹಬ್ಬಿತು. ಅದು ವಿಸಿಆರ್ ಬಾಡಿಗೆ ತಂದು ಜನ ಮನೆಯಲ್ಲಿ ಪಿಕ್ಚರ್ ನೋಡುತ್ತಿದ್ದ ಕಾಲ. ಮಾಸ್ತರರ ಮನೆಯಲ್ಲಿ ಸಂಜೆಯಾದರೆ ಕಿಟಕಿ ಬಾಗಿಲು ಮುಚ್ಚಿರುತ್ತವೆ, ಸಂದಿಯಿಂದ ನೀಲಿ ಬೆಳಕು ಬರುತ್ತದೆ, ಗಂಡಹೆಂಡತಿ ಮಾತಿಲ್ಲದೆ ಕೂತು ಏನನ್ನೋ ನೋಡುತ್ತಾರೆ! ಇಷ್ಟು ಸಾಕಲ್ಲ. ನಾನು ಬಾಜಾರಕ್ಕೆ ಹೋದರೆ ಗಂಡಸರು ವಿಶೇಷ ಪ್ರೀತಿಯಿಂದ ನಗತೊಡಗಿದರು. ಕಿರಾಣಿ ಅಂಗಡಿಯವನಂತೂ, "ಸರ್, ಒಬ್ಬರೇ ನೋಡಿದ್ರ ಹೆಂಗ್ರಿ?" ಎಂದೇ ಬಿಟ್ಟ. ಹವಳದ ವಿಷಯವಾಗಿ ಇಷ್ಟು ಆಸಕ್ತಿಯೇ ಎಂದು ನನಗೆ ಹೆಮ್ಮೆಯಾಗಿ, "ಬರ್ರಿ ಬರ್ರಿ, ಮನೀ ಮಂದೀನೆಲ್ಲಾ ಕರ್ಕೊಂಡ ಬರ್ರಿ" ಎಂದೆ. ಅವನು ನಾಲಿಗೆ ಕಚ್ಚಿಕೊಂಡ.

ಒಂದು ಸಂಜೆ ನಮ್ಮ ಹೆಡ್‌ಮಾಸ್ತರರೇ ಇಬ್ಬರು ಮಾಸ್ತರರನ್ನು ಕರೆದುಕೊಂಡು ಬಾಗಿಲು ತಟ್ಟಿದರು. ಒಳಗೆ ಬಂದವರು ಸುತ್ತಲೂ ಕಣ್ಣಾಡಿಸಿದರು. ಟೀವಿ ಆರಿತ್ತು. ಮಹಾನಂದಾ ಮಣೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಗಾಜಿನ ತೊಟ್ಟಿ.

"ಇದಾ?" ಎಂದರು ಹೆಡ್‌ಮಾಸ್ತರರು.

"ಇದೇ ರೀ."

"ಮತ್ತೇನೂ ಇಲ್ಲ?"

"ಮತ್ತೇನಿಲ್ರಿ. ಮೂರ ಅವ."

ಶಾಲೆಯ ಮಾನ ಉಳಿಯಿತೆಂದು ಹೆಡ್‌ಮಾಸ್ತರರು ನಿಟ್ಟುಸಿರು ಬಿಟ್ಟರು. ಜೊತೆಗೆ ಬಂದ ಇಬ್ಬರು ಮಾಸ್ತರರ ಮುಖದಲ್ಲಿ ಕಂಡ ನಿರಾಸೆಯನ್ನು ನಾನು ಇಂದಿಗೂ ಮರೆತಿಲ್ಲ. ಅವರು ಹೋದ ಮೇಲೆ ಸಂಗತಿ ತಿಳಿದ ಮಹಾನಂದಾ ಎರಡು ದಿನ ನೀರಿಗೂ ಹೊರಗೆ ಹೋಗಲಿಲ್ಲ.

ಇದನ್ನೆಲ್ಲ ಸಹಿಸಬಹುದಾಗಿತ್ತು, ಹವಳಗಳು ಚೆನ್ನಾಗಿದ್ದಿದ್ದರೆ. ಅವು ಚೆನ್ನಾಗಿರಲಿಲ್ಲ. ನನ್ನ ನಾಲ್ಕು ಸುತ್ತಿನ ಹಾಳೆಯಲ್ಲಿ ಬೆಳಕು ನೀಲಿಯಾಗಿತ್ತು, ನಿಜ. ಆದರೆ ಬೆಳಕೇ ಇರಲಿಲ್ಲ! ಸಾಲದ್ದಕ್ಕೆ ಹಿಂದಿನ ಓಣಿಯ ಹಿಟ್ಟಿನ ಗಿರಣಿ ಶುರುವಾದರೆ ವೋಲ್ಟೇಜ್ ಬಿದ್ದು ಉಳಿದೊಂದು ಬಿಳಿ ಟ್ಯೂಬೂ ಕಣ್ಣು ಮಿಟುಕಿಸುತ್ತಿತ್ತು. ಕೊಂಬಿನ ಹವಳ ಕಂದು ಬಣ್ಣಕ್ಕೆ ತಿರುಗಿತು. ಚೆಲುವಿ ಬೆರಳುಗಳನ್ನು ಅರ್ಧ ಮಾತ್ರ ಚಾಚಿ ಮಧ್ಯಾಹ್ನದೊಳಗೆ ಒಳಗೆಳೆದುಕೊಳ್ಳುತ್ತಿತ್ತು.

"ಹಾಳಿ ಬಿಚ್ಚಿಹಾಕ್ರಿ. ಬಿಳೀ ಬೆಳಕೇ ಇರ್ಲಿ, ಸಾಕು," ಎಂದಳು ಮಹಾನಂದಾ.

ಒಂದು ಹೆಣ್ಣುಮಗಳು ಹೇಳಿದಳೆಂದು ಬೆಳಕಿನ ವಿಷಯದಲ್ಲಿ ಹಿಂದೆ ಸರಿಯಲೇ? ಸಮಸ್ಯೆ ಬೆಳಕಿನ ಕೊರತೆ. ಪರಿಹಾರ ಬೆಳಕು. ನೆಟ್ಟಗೆ ಬಿಸಿಲು ಬೀಳಬಾರದೆಂದು ಚನ್ನವೀರ ಹೇಳಿದ್ದ, ಒಪ್ಪಿದೆ. ಆದರೆ ಕನ್ನಡಿಯಿಂದ ಬರುವುದು ನೆಟ್ಟಗಿನ ಬಿಸಿಲಲ್ಲ, ಪ್ರತಿಫಲಿತ ಬಿಸಿಲು! ಕಪಾಟಿನ ನಿಲುವುಗನ್ನಡಿ ಬಿಚ್ಚಿ ಅಂಗಳದಲ್ಲಿಟ್ಟು ಕಿಟಕಿಯ ಕಡೆ ತಿರುಗಿಸಿದೆ. ಪತನ ಕೋನ, ಪ್ರತಿಫಲನ ಕೋನ ಎರಡನ್ನೂ ಲೆಕ್ಕ ಹಾಕಿಯೇ ಇಟ್ಟಿದ್ದೆ. ಸೂರ್ಯ ಮಾತ್ರ ಲೆಕ್ಕದಂತೆ ನಿಲ್ಲದೆ ಮೇಲೇರಿದ. ಬಿಸಿಲಿನ ತುಂಡು ಕಿಟಕಿಯಿಂದ ಜಾರಿತು, ಸರಿಪಡಿಸಲು ಕನ್ನಡಿ ತಿರುಗಿಸಿದರೆ ರಸ್ತೆ ದಾಟಿ, ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದ ಗುರುಬಾಯಿಯ ಕಣ್ಣಿಗೆ ಹೊಕ್ಕಿತು.

"ಎಪ್ಪಾ, ಕಣ್ಣ ಹೋದ್ವಲ್ಲೋ! ಮಾಸ್ತರ, ನಿಮ್ಮ ಹವಳಕ್ಕ ನನ್ನ ಕಣ್ಣ ಬೇಕಾಗ್ಯಾವೇನ್ರಿ?"

ಸಂಡಿಗೆಯ ಹಿಟ್ಟಿನ ಪಾತ್ರೆ ಮೊದಲು ಕೆಳಗೆ ಬಂತು, ಹಿಂದೆಯೇ ಮೆಟ್ಟಿಲಿಳಿದು ಗುರುಬಾಯಿ ಬಂದಳು. ಕನ್ನಡಿ ಮತ್ತೆ ಕಪಾಟಿಗೆ ಹೋಯಿತು. ಇಷ್ಟು ದಿನದಲ್ಲಿ ತೊಟ್ಟಿಯ ಗಾಜಿಗೆ ಹಸಿರು ಪಾಚಿ ಹಿಡಿದಿತ್ತು. ಮಹಾನಂದಾ ಅದನ್ನು ಉಜ್ಜಿ ತೆಗೆದಳು. ಹಾಳೆಯನ್ನೂ ತಾನೇ ಬಿಚ್ಚಿದಳು. ಬಿಳಿ ಟ್ಯೂಬುಗಳೆರಡೇ ಉರಿಯತೊಡಗಿದವು. ಅವಳ ಆರೈಕೆಯಲ್ಲಿ ಚೆಲುವಿ ನಿಧಾನಕ್ಕೆ ಮತ್ತೆ ಬೆರಳು ಚಾಚತೊಡಗಿತು. ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

ಬೇಸಿಗೆ ರಜೆ ಬಂತು. ಆಳಂದದಲ್ಲಿರುವ ನಮ್ಮ ಮಗಳ ನಾದಿನಿಯ ಮದುವೆ. ಮಹಾನಂದಾ ಮುಂಚೆಯೇ ಹೋಗಬೇಕಾಯಿತು. ಬಸ್ಸು ಹತ್ತುವಾಗ ಕಿಟಕಿಯಿಂದ ತಲೆ ಹೊರಹಾಕಿ, "ಏನೂ ಮುಟ್ಟಬ್ಯಾಡ್ರಿ. ಹಚ್ರಿ, ಆರಸ್ರಿ. ಅಷ್ಟ. ನನ್ನ ಆಣಿ ಅದ" ಎಂದಳು. ನಾನು ತಲೆಯಾಡಿಸಿದೆ. ಬಸ್ಸು ತಿರುವು ದಾಟುವುದರೊಳಗೆ ನನ್ನ ಮನಸ್ಸು ಗಾಣಗಾಪುರಕ್ಕೆ ಹೋಗಿತ್ತು.

ಗಾಣಗಾಪುರದಲ್ಲಿ ದತ್ತು ಎಂಬ ನನ್ನ ಹಳೆಯ ಶಿಷ್ಯ ಒಂದು ಲಾಡ್ಜು ನಡೆಸುತ್ತಾನೆ. ಅವನ ಅಂಗಳದಲ್ಲಿ ಒಂದು ದೊಡ್ಡ ಹ್ಯಾಲೊಜನ್ ದೀಪ ನೋಡಿದ ನೆನಪು. ಕೇಳಿದ ತಕ್ಷಣ ಅವನು ಏಣಿ ತರಿಸಿದ.

"ಒಯ್ರಿ ಸರ್, ಪುಣ್ಯಾ ಬರ್ತದ. ಹುಣ್ಣಿವಿಗೆ ಬಂದ ಭಕ್ತರು ಕಣ್ಣ ಮುಚ್ಚಾಕ ಬರವಲ್ದು ಅಂತ ನನ್ನ ಕೂಡ ಜಗಳಾ ತಗೀತಾರ. ನಡುರಾತ್ರಿ ಕೋಳಿ ಕೂಗಾಕತ್ತಾವರಿ! ಭಾಳ ಖತರ್ನಾಕ್ ಬೆಳಕು."

ಖತರ್ನಾಕ್ ಎಂಬ ಶಬ್ದ ನನ್ನ ಕಿವಿಗೆ ಹೊಗಳಿಕೆಯಂತೆ ಕೇಳಿಸಿತು.

ದೀಪವನ್ನು ತೂಗುಹಾಕಲು ಗಟ್ಟಿಯಾದ ಆಧಾರ ಬೇಕಿತ್ತು. ನಮ್ಮ ಪಡಸಾಲೆಯ ತೊಲೆಗೆ ಹಳೆಯ ತೊಟ್ಟಿಲಿನ ಕೊಂಡಿಗಳಿವೆ. ತೊಟ್ಟಿಯೂ ಸರಿಯಾಗಿ ಅದರ ಕೆಳಗೇ ಇದೆ. ನಾನು ಏಣಿ ಹತ್ತಿ ಕೊಂಡಿಗೆ ಹಗ್ಗ ಪೋಣಿಸುತ್ತಿರುವಾಗ ಗುರುಬಾಯಿ ಬಾಗಿಲಲ್ಲಿ ಹಾಜರು.

"ತೊಟ್ಲ ಕಟ್ಟಾಕತ್ತೀರೇನ್ರಿ ಮಾಸ್ತರ?"

ಕನ್ನಡಿಯ ಪ್ರಕರಣದ ನಂತರ ಆಕೆಯೊಂದಿಗೆ ನಾನು ಹೆಚ್ಚು ಮಾತಾಡುತ್ತಿರಲಿಲ್ಲ. ಬಾಯಲ್ಲಿ ಹಗ್ಗದ ತುದಿ ಬೇರೆ ಇತ್ತು. "ಹೂಂ" ಎಂದೆ.

"ನಂದವ್ವ ಅದಕ್ಕ ಮಗಳ ಊರಿಗೆ ಹೋಗ್ಯಾಳೇನು! ನಾಚಿಕಿ ಬಂದಿರ್ಬೇಕು ಪಾಪ. ಈ ವಯಸ್ಸಿನ್ಯಾಗ ಅಂದ್ರ ಶರಣರ ಕೃಪಾ ನೋಡ್ರಿ!"

ನಾನು ಹಗ್ಗ ಉಗುಳಿ ಏಣಿ ಇಳಿಯುವುದರೊಳಗೆ ಆಕೆ ಓಣಿಯ ತುದಿಯಲ್ಲಿದ್ದಳು.

ದೀಪ ಹಚ್ಚಿದೆ. ಕ್ಷಣಕಾಲ ಪಡಸಾಲೆಯಲ್ಲಿ ಸಾಕ್ಷಾತ್ ಸೂರ್ಯ! ಮರುಕ್ಷಣ ಇಡೀ ಓಣಿಯಲ್ಲಿ ಕತ್ತಲೆ. ಕಂಬದ ಫ್ಯೂಜ್ ಹೋಗಿತ್ತು. ಅದೇ ಹೊತ್ತಿಗೆ ಟೀವಿಯಲ್ಲಿ ಕ್ರಿಕೆಟ್ ಮ್ಯಾಚು, ಕೊನೆಯ ಓವರು. ನಮ್ಮ ದೇಶ ಗೆದ್ದಿತೋ ಸೋತಿತೋ ಗೊತ್ತಾಗದೆ ಗಂಡಸರೆಲ್ಲ ಬೀದಿಗೆ ಬಂದರು. ಆಮೇಲೆ ಕಾರಣ ಗೊತ್ತಾಗಿ ನಮ್ಮ ಅಂಗಳಕ್ಕೆ ಬಂದರು. ಅಂದು ನನ್ನ ಕುಲದ ಬಗ್ಗೆ ಕೇಳಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಮರುದಿನ ಲೈನ್‌ಮನ್ ಬಂದು ಕಂಬಕ್ಕೆ ದಪ್ಪ ತಂತಿ ಕಟ್ಟಿಹೋದ. ದೀಪ ಉರಿಯಿತು. ಬೆಳಗಿನಿಂದ ಸಂಜೆಯವರೆಗೆ ಅಖಂಡವಾಗಿ ಉರಿಯಿತು. ಹೊರಗೆ ಅಫಜಲಪುರದ ಬೇಸಿಗೆ, ಒಳಗೆ ಗಾಣಗಾಪುರದ ಸೂರ್ಯ! ನಾನು ಹೆಗಲ ಮೇಲೆ ಒದ್ದೆ ಟವೆಲು ಹಾಕಿಕೊಂಡು ಓಡಾಡುತ್ತಿದ್ದೆ. ಹವಳಗಳಿಗೆ ಟವೆಲು ಬೇಕೆಂದು ನನಗೆ ಹೊಳೆಯಲಿಲ್ಲ.

ಕೆಲವೇ ದಿನಗಳಲ್ಲಿ ಅದ್ಭುತ ನಡೆಯಿತು. ಕೊಂಬಿನ ಹವಳದ ಕೊಳಕು ಕಂದು ಬಣ್ಣ ತುದಿಯಿಂದ ಮಾಯವಾಗತೊಡಗಿತು. ಗುಂಡನೆಯ ಹವಳವೂ ತಿಳಿಯಾಯಿತು. ಚೆಲುವಿ ಕೂಡ ಹಸಿರು ಬಿಟ್ಟು ಬಿಳಿಯಾಗತೊಡಗಿತು. ಕೊನೆಗೆ ಮೂರೂ ಹಾಲಿನಂತೆ, ಹತ್ತಿಯಂತೆ ಬೆಳ್ಳಗೆ ಹೊಳೆಯತೊಡಗಿದವು! ನನ್ನ ಎದೆ ಉಬ್ಬಿತು. ಸರಿಯಾದ ಬೆಳಕು ಬಿದ್ದರೆ ಕೊಳೆ ಹೇಗೆ ನಿಂತೀತು?

ನಾನೇ ಮನೆಮನೆಗೆ ಹೋಗಿ ಜನರನ್ನು ಕರೆದೆ. ಹಿಂದೊಮ್ಮೆ ನಿರಾಸೆಯಿಂದ ಮರಳಿದ್ದ ಮಾಸ್ತರರನ್ನು ವಿಶೇಷವಾಗಿ ಕರೆದೆ. ಹೆಡ್‌ಮಾಸ್ತರರು ಕನ್ನಡಕ ಒರೆಸಿಕೊಂಡು ನೋಡಿ, "ಭೇಷ್! ಹವಳ ಹೋಗಿ ಮುತ್ತ ಆಗ್ಯಾವಲ್ರಿ!" ಎಂದರು. ಗುರುಬಾಯಿ ಹಳೆಯದನ್ನೆಲ್ಲ ಮರೆತು, "ವಿಭೂತಿ ಗಟ್ಟಿ ಕಂಡಂಗ ಕಾಣ್ತಾವ" ಎಂದು ಕೈಮುಗಿದಳು. ನಾನು ಎಲ್ಲರಿಗೂ ಚಹಾ ಕೊಟ್ಟು, ಬೆಳಕಿನ ಪ್ರಮಾಣ ಮತ್ತು ಜೀವಿಗಳ ಏಳಿಗೆ ಎಂಬ ವಿಷಯವಾಗಿ ಮಾತಾಡಿದೆ. ಚಪ್ಪಾಳೆ ಬಿತ್ತು. ಚನ್ನವೀರ ಬಂದು ನೋಡಿದರೆ ನನ್ನ ಕಾಲಿಗೆ ಬೀಳುತ್ತಾನೆಂದೇ ಅಂದುಕೊಂಡಿದ್ದೆ.

ಮಹಾನಂದಾ ಆಳಂದದಿಂದ ಬಂದದ್ದು ಅದರ ಮರುದಿನ. ಬಾಗಿಲಿಗೆ ಬರುವಾಗಲೇ ಅವಳ ದನಿ ಏರಿತ್ತು.

"ಏನ್ರೀ, ತೊಟ್ಲ ಕಟ್ಟೀರಂತ? ನಮ್ಮ ಬೀಗತಿ ಮದುವಿ ಮನ್ಯಾಗ ನಾಕ ಮಂದಿ ಎದುರ ನನಗ ಹುಣಸಿಕಾಯಿ ತಂದ ಕೊಟ್ಟಾಳ! ಮಗಳು ಮಾರಿ ಮುಚ್ಕೊಂಡ ಒಳಗ ಹೋದ್ಳು! ನನ್ನ ಮಾನ..."

ಅಷ್ಟರಲ್ಲಿ ಅವಳ ಕಣ್ಣು ತೊಟ್ಟಿಯ ಮೇಲೆ ಬಿತ್ತು.

"ನೋಡು, ಹೆಂಗ ಆಗ್ಯಾವ!" ಎಂದೆ ನಾನು, ಹಬ್ಬದ ದನಿಯಲ್ಲಿ.

ಅವಳು ಚೀಲ ಕೆಳಗಿಟ್ಟಳು. ಹತ್ತಿರ ಹೋಗಿ ಬಗ್ಗಿ ಚೆಲುವಿಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಗೋಡೆಯ ಹತ್ತಿರ ಹೋಗಿ ಸ್ವಿಚ್ಚು ಆರಿಸಿದಳು.

"ಬೆರಳ ತಗೀತಾಳೇನ್ರಿ ಈಕಿ?"

"ಅಂದ್ರ?"

"ನಾ ಹೋದ ಮ್ಯಾಲ ಒಂದ ದಿನಾರ ಬೆರಳ ಹೊರಗ ತಗದಾಳೇನು?"

ನಾನು ನೆನಪಿಸಿಕೊಂಡೆ. ಬಣ್ಣ ನೋಡಿದ್ದೆ, ಹೊಳಪು ನೋಡಿದ್ದೆ. ಬೆರಳನ್ನು ನೋಡಿರಲಿಲ್ಲ. ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರೂ ಕೇಳಿರಲಿಲ್ಲ.

ಮಹಾನಂದಾ ಚಪ್ಪಲಿ ಮೆಟ್ಟಿದಳು. ಚನ್ನವೀರನಿಗೆ ಈ ಸಾಮಾನೆಲ್ಲ ಒದಗಿಸುತ್ತಿದ್ದ ಮುಂಬಯಿಯ ಅಂಗಡಿಯ ಫೋನ್ ನಂಬರು ಅವಳಿಗೆ ಬಾಯಿಪಾಠವಿತ್ತು. ಎಸ್‌ಟಿಡಿ ಬೂತಿಗೆ ಇಬ್ಬರೂ ಹೋದೆವು. ನಾನೇ ಮಾತಾಡಿದೆ. ಹವಳಗಳು ಬೆಳ್ಳಗಾಗಿವೆ ಎಂದು ಹಿಂದಿಯಲ್ಲಿ ಹೇಳಿದೆ. ಅಂಗಡಿಯವನು ತಿರುಗಿ ಕೇಳಿದ.

"ಸಫೇದ್? ಪೂರಾ ಸಫೇದ್?"

"ಹಾಂ ಜೀ. ಬಹುತ್ ಬಡಿಯಾ ಸಫೇದ್!"

ಆ ಮನುಷ್ಯ ಏನು ಬೆಳಕು ಹಾಕಿದ್ದೀರಿ ಎಂದು ಕೇಳಿದ. ಹೇಳಿದೆ. ಎಷ್ಟು ಎತ್ತರದಲ್ಲಿ ಎಂದು ಕೇಳಿದ. ಹೇಳಿದೆ. ಆಮೇಲೆ ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಿಕ್ಕ ಮಕ್ಕಳಿಗೆ ಹೇಳುವಂತೆ ನಿಧಾನವಾಗಿ ಹೇಳಿದ. ಹವಳದ ಮಾಂಸ ಗಾಜಿನಂತೆ ಪಾರದರ್ಶಕವಂತೆ. ಅದರ ಬಣ್ಣವೆಲ್ಲ ಒಳಗೆ ವಾಸಿಸುವ ಕಣ್ಣಿಗೆ ಕಾಣದ ಸಣ್ಣ ಸಸ್ಯಗಳದ್ದಂತೆ. ಬೆಳಕಿನಿಂದ ಆಹಾರ ಮಾಡಿ ಹವಳಕ್ಕೆ ಉಣಿಸುವುದೂ ಅವೇ. ಒಮ್ಮೆಲೇ ಅತಿ ಬೆಳಕು, ಅತಿ ಬಿಸಿ ತಾಗಿದರೆ ಅವು ಮನೆ ಬಿಟ್ಟು ಹೋಗುತ್ತವೆ. ಆಗ ಒಳಗಿನ ಎಲುಬು ಹೊರಗೆ ಕಾಣುತ್ತದೆ.

ಎಲುಬು! ನಾನು ಊರ ಜನರನ್ನು ಕರೆದು, ಚಹಾ ಕೊಟ್ಟು, ಭಾಷಣ ಮಾಡಿ ತೋರಿಸಿದ್ದು ಮೂರು ಜೀವಗಳ ಎಲುಬುಗಳನ್ನು.

ಮಹಾನಂದಾ ನನ್ನ ಕೈಯಿಂದ ರಿಸೀವರ್ ಕಿತ್ತುಕೊಂಡಳು. ಅವಳಿಗೆ ಬರುವ ಹಿಂದಿ ಅಷ್ಟಕ್ಕಷ್ಟೇ. "ಭಯ್ಯಾ, ಉಳೀತಾವ ಕ್ಯಾ?" ಎಂದಳು. ಅವನಿಗೆ ಹೇಗೆ ತಿಳಿಯಿತೋ. ಕೂಡಲೇ ಕಡಿಮೆ ಬೆಳಕು ಮಾಡಿ, ಮಾಂಸ ಕರಗದೆ ಉಳಿದಿದ್ದರೆ ಆ ಸಸ್ಯಗಳು ಮರಳಿ ಬಂದರೂ ಬಂದಾವು ಎಂದನಂತೆ. ಬೂತಿನ ಹೊರಗೆ ಕಾದಿದ್ದವರು ನಮ್ಮ ಮುಖ ನೋಡಿ ದಾರಿ ಬಿಟ್ಟರು. ಯಾರೋ ತೀರಿಕೊಂಡಿದ್ದಾರೆಂದು ತಿಳಿದಿರಬೇಕು. ಒಬ್ಬ ಹಿರಿಯರು ನನ್ನ ಹೆಗಲ ಮೇಲೆ ಕೈಯಿಟ್ಟು, "ಹತ್ತಿರದವರೇನ್ರಿ?" ಎಂದರು. ನಾನು ಹೌದೆಂದೆ.

ಹ್ಯಾಲೊಜನ್ ಇಳಿಯಿತು. ಹಳೆಯ ಟ್ಯೂಬುಗಳ ಕೆಳಗೆ ಮಹಾನಂದಾ ನನ್ನ ಹಳೆಯ ಧೋತರವನ್ನು ಹರಿದು ಪದರು ಪದರಾಗಿ ಹಾಸಿದಳು. ದಿನಾಲೂ ಒಳಗೆ ಇಣುಕಿ ನೋಡುವಳು. ತುಸು ಚೇತರಿಕೆ ಕಂಡರೆ ಒಂದು ಪದರು ತೆಗೆಯುವಳು, ಸಂಶಯ ಬಂದರೆ ಮತ್ತೆ ಹಾಸುವಳು. ಕರೆಂಟು ಹೋದರೆ ಬೀಸಣಿಗೆಯಿಂದ ನೀರಿಗೆ ಗಾಳಿ ಹಾಕುವಳು. ನಾನು ಏನಾದರೂ ಮಾಡುತ್ತೇನೆಂದು ಎದ್ದರೆ, "ನೀವ ಕೂಡ್ರಿ" ಎನ್ನುವಳು. ನಾನು ಕೂಡುತ್ತಿದ್ದೆ. ಆ ರಜೆಯಲ್ಲಿ ನನಗೆ ವಹಿಸಿದ ಕೆಲಸ ಅದೊಂದೇ.

ಕೊಂಬಿನ ಹವಳ ಮೊದಲು ಹೋಯಿತು. ಬಿಳಿ ಕವಲುಗಳಿಗೆ ಪಾಚಿ ಹತ್ತಿ ಒಣಗಿದ ತೊಗರಿ ಕಟ್ಟಿಗೆಯಂತೆ ನಿಂತಿತು. ಆಮೇಲೆ ಗುಂಡನೆಯದು. ಒಂದು ಬೆಳಿಗ್ಗೆ ಅದರ ಮೈಯ ತೊಗಲು ಎಳೆ ಎಳೆಯಾಗಿ ಕಳಚಿ ನೀರಿನಲ್ಲಿ ತೇಲುತ್ತಿತ್ತು. ಮಹಾನಂದಾ ಅವನ್ನು ಒಂದೊಂದಾಗಿ ಜಾಳಿಗೆಯಲ್ಲಿ ತೆಗೆದಳು. ಅಳಲಿಲ್ಲ. ನನ್ನೊಂದಿಗೆ ಮಾತಂತೂ ಇಲ್ಲ. ಊಟಕ್ಕೆ ಬಡಿಸಿ ತಟ್ಟೆಯನ್ನು ನೆಲಕ್ಕೆ ತಗುಲಿಸಿ ಸದ್ದು ಮಾಡುವಳು, ಅದೇ ಕರೆ. ನಾನು ಗೋಡೆಗೊರಗಿ ಕೂತು ಯೋಚಿಸುತ್ತಿದ್ದೆ. ಉಗುರಿನಷ್ಟಿದ್ದಾಗಿನಿಂದ ಒಬ್ಬ ಒಂಟಿ ಮನುಷ್ಯ ಬೆಳೆಸಿದ್ದು. ಅವನು ಎಲ್ಲಿಯೋ ನೀರಿನ ನಡುವೆ ಇಂಜಿನ್ನಿನ ಸದ್ದಿನಲ್ಲಿ ನಿಶ್ಚಿಂತೆಯಿಂದಿರುತ್ತಾನೆ, ಮಾಮಾ ವಿಜ್ಞಾನದ ಮಾಸ್ತರ ಎಂದು.

ಕೊನೆಗೊಂದು ದಿನ ಅಡುಗೆಮನೆಯಿಂದ ಬಂದ ಮಹಾನಂದಾ ತೊಟ್ಟಿಯ ಮುಂದೆ ನಿಂತುಬಿಟ್ಟಳು. ಕೈಯಲ್ಲಿ ರೊಟ್ಟಿಯ ಹಿಟ್ಟು ಹಾಗೇ ಇತ್ತು.

"ರೀ... ಬರ್ರಿ ಇಲ್ಲಿ."

'ಕೂಡ್ರಿ' ಎಂಬುದನ್ನು ಬಿಟ್ಟರೆ ಅಷ್ಟು ದಿನಗಳ ಮೇಲೆ ನನಗೆ ಸಿಕ್ಕ ಮೊದಲ ಮಾತು. ಹೋಗಿ ನೋಡಿದೆ. ಚೆಲುವಿಯ ಬಿಳಿ ಮೈಯ ಒಂದು ಮಗ್ಗುಲಲ್ಲಿ, ಬುಡದ ಹತ್ತಿರ, ಒಂದೇ ಒಂದು ಬೆರಳು ಹೊರಗೆ ಬಂದಿತ್ತು. ತುದಿಯಲ್ಲಿ ಇದ್ದೂ ಇಲ್ಲದಂಥ ಹಸಿರು. ನಾನು ಸರಿಯಾಗಿ ಕಾಣಲೆಂದು ಟಾರ್ಚು ತರಲು ಎದ್ದೆ.

"ಕೂಡ್ರಿ!" ಎಂದಳು ಮಹಾನಂದಾ.

ಮಳೆಗಾಲ ಮುಗಿಯುವ ಹೊತ್ತಿಗೆ ಚನ್ನವೀರ ಬಂದ. ನಾನು ಹಿತ್ತಲಲ್ಲಿ ಬಹಳ ಮಹತ್ವದ ಕೆಲಸವಿದ್ದಂತೆ ನಿಂತಿದ್ದೆ. ಅಲ್ಲಿ ಕೆಲಸವೇನೂ ಇರಲಿಲ್ಲ. ಕೊನೆಗೆ ಒಳಗೆ ಬರಲೇಬೇಕಾಯಿತು. ಅವನು ತೊಟ್ಟಿಯ ಮುಂದೆ ಅಕ್ಕನ ಮಣೆಯ ಮೇಲೆ ಕೂತಿದ್ದ. ಸತ್ತ ಎರಡನ್ನು ಮಹಾನಂದಾ ತೊಳೆದು ಬದಿಗಿಟ್ಟಿದ್ದಳು. ಅವನು ಅವನ್ನು ಕೈಯಲ್ಲಿ ಹಿಡಿದಿದ್ದ.

"ಚನ್ನೂ," ಎಂದೆ. ಹಿತ್ತಲಲ್ಲಿ ತಯಾರು ಮಾಡಿಕೊಂಡಿದ್ದ ಭಾಷಣವನ್ನು ಹಿತ್ತಲಲ್ಲೇ ಬಿಟ್ಟು ಬಂದಿದ್ದೆ. "ನನಗ ಗೊತ್ತಿರ್ಲಿಲ್ಲೋ."

"ಹೌದ್ರಿ ಮಾಮಾ," ಎಂದ ಅವನು. ಅಷ್ಟೇ. ನನ್ನ ಇಷ್ಟು ವರ್ಷಗಳ ನೌಕರಿಯಲ್ಲಿ ಇದಕ್ಕಿಂತ ಕಠಿಣವಾದ ಪರೀಕ್ಷಾ ಫಲಿತಾಂಶವನ್ನು ನಾನು ಯಾವ ಹುಡುಗನಿಗೂ ಹೇಳಿಲ್ಲ. ಆಮೇಲೆ ಅವನು ಚೆಲುವಿಯ ಕಡೆ ಬಾಗಿದ. ಅದೀಗ ಅರ್ಧ ಮೈ ಬೆರಳು ಚಾಚಿತ್ತು. "ಅಕ್ಕಾ, ಬೆಳ್ಳಗಾಗಿದ್ದು ತಿರುಗಿ ಹಸರ ಆಗೂದು ಮುಂಬಯಿದಾಗೂ ನಾ ಭಾಳ ನೋಡಿಲ್ಲ. ಹೆಂಗ ಮಾಡಿದಿ?"

"ದಿನಾ ನೋಡಿದೆ, ಅಷ್ಟ," ಎಂದಳು ಮಹಾನಂದಾ. ಅಂದು ಮೊದಲ ಸಲ ಅತ್ತಳು.

ಚನ್ನವೀರನಿಗೆ ಮುಂಬಯಿಯ ದಂಡೆಯ ಮೇಲೆಯೇ ನೌಕರಿಯಾಗಿತ್ತು. ಚೆಲುವಿಯನ್ನು ಕರೆದೊಯ್ಯುವಾಗ ಅಕ್ಕನನ್ನೂ ಸಮುದ್ರ ತೋರಿಸಲು ಕರೆದೊಯ್ಯುತ್ತೇನೆಂದ. ದಾರಿಯುದ್ದಕ್ಕೂ ಡ್ರಮ್ಮಿಗೆ ಬಿಸಿಲು ತಾಗದಂತೆ ನೋಡಿಕೊಳ್ಳಲು ಯಾರಾದರೂ ಬೇಕು ಎಂಬ ಮಾತು ಬಂತು.

"ನಾ ಬರ್ತೇನಿ," ಎಂದೆ.

"ಬ್ಯಾಡ!" ಎಂದರು ಅಕ್ಕ ತಮ್ಮ, ಒಂದೇ ಉಸಿರಿಗೆ.

ಹದಿನೈದು ದಿನ ನಾನೇ ಅನ್ನ ಬೇಯಿಸಿಕೊಂಡು ತಿಂದೆ. ಮಹಾನಂದಾ ಮರಳಿ ಬಂದಾಗ ಬಿಸಿಲಿಗೆ ಕಪ್ಪಾಗಿದ್ದಳು, ನಗುತ್ತಿದ್ದಳು. ಸಮುದ್ರದ ಬಗ್ಗೆ ಮಾತಾಡಿ ಮಾತಾಡಿ ದಣಿದ ಮೇಲೆ ಚೀಲದಿಂದ ಒಂದು ಪೊಟ್ಟಣ ತೆಗೆದು ನನ್ನ ಮುಂದಿಟ್ಟಳು. ಕೆಂಪನೆಯ ಕವಲು ಕವಲಾದ ಪ್ಲಾಸ್ಟಿಕ್ ಹವಳ.

"ಚನ್ನೂ ಕೊಟ್ಟಾನ. ಮಾಮಾಗ ಇದನ್ನ ಕೊಡು, ಇದಕ್ಕ ನೀರೂ ಬ್ಯಾಡ, ಬೆಳಕೂ ಬ್ಯಾಡ ಅಂದಾನ."

ಅವಳು ಅದನ್ನು ಟೀವಿಯ ಮೇಲಿಟ್ಟಳು. ಅಲ್ಲಿ ಕತ್ತಲೆಯಾಗಿ ಅಂದವೇ ಕಾಣುತ್ತಿರಲಿಲ್ಲ. ಪಾಪ ಎನ್ನಿಸಿ ನಾನು ಅದನ್ನು ಕಿಟಕಿಯ ಬಿಸಿಲಿಗೆ ಸರಿಸಿದೆ. ಮುಂದಿನ ಬೇಸಿಗೆ ಕಳೆಯುವುದರೊಳಗೆ ಅದೂ ಬೆಳ್ಳಗಾಯಿತು!